ನಿಮಗಿದು ಗೊತ್ತೇ? ಬೋಗದಾದ ಹೊಸ್ತಿಲಲ್ಲಿ ಕಣ್ಣು

ಯಾದಗಿರಿ, ಶಹಾಪುರ, ಸುರಪುರದ ಹೆದ್ದಾರಿಗಳಲ್ಲಿ ಸುರಂಗವಿಲ್ಲ. ಮಲಗಿದ ಬುದ್ಧನ ಗುಡ್ಡವಿರಲಿ, ಸುರಪುರದ ಕೋಟೆ ಗುಡ್ಡವಿರಲಿ, ರಸ್ತೆ ಬಳಸಿಕೊಂಡೇ ಹೋಗುತ್ತದೆ. ಆದರೆ ದುಡಿಯಲು ಮುಂಬೈಗೆ ಹೊರಡುವ ನಮ್ಮ ಜನರ ಗಾಡಿಗಳು ಸೊಲ್ಲಾಪುರ, ಪುಣೆ ದಾಟಿದ ಮೇಲೆ ಎಕ್ಸ್‌ಪ್ರೆಸ್‌ವೇಯ ಬೋಗದಾಗಳನ್ನು ಹೊಗಲೇಬೇಕು. ಕಾಮಶೇತ್, ಖಂಡಾಳ, ಮಾಡಪ, ಭಾತಾಣ ಎಂದು ಒಂದರ ಹಿಂದೊಂದು ಬರುತ್ತವೆ. ಆ ಬೋಗದಾಗಳ ಬಾಯಲ್ಲಿ ಕಣ್ಣಿಗೆ ಏನಾಗುತ್ತದೆ, ಕಾಲು ಏನು ಮಾಡುತ್ತದೆ?

● ಬೋಗದಾ ನೋಡದವರಿಗೂ ಅದರ ಅನುಭವ ಮನೆಯಲ್ಲೇ ಇದೆ! ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಹೊಲದಿಂದ ಬಂದು ಮಾಳಿಗೆ ಮನೆಯ ಪಡಸಾಲೆಗೆ ಕಾಲಿಡಿ. ಏನೂ ಕಾಣುವುದಿಲ್ಲ. ಕೈ ತಾನಾಗಿ ಬಾಗಿಲ ಚೌಕಟ್ಟು ಹಿಡಿಯುತ್ತದೆ. ಮೊದಲು ಸುಣ್ಣದ ಗೋಡೆಯ ಬಿಳುಪು, ಆಮೇಲೆ ಮೂಲೆಯ ತಾಮ್ರದ ಕೊಡದ ಅಂಚು, ಕೊನೆಗೆ ಕೌದಿಯ ಮೇಲೆ ಮಲಗಿದ ಅಜ್ಜಿ ಕಾಣುತ್ತಾಳೆ. ಪಡಸಾಲೆಯಲ್ಲಾದರೆ ನಾವು ನಿಲ್ಲುತ್ತೇವೆ. ಬೋಗದಾದಲ್ಲಿ ಗಾಲಿ ನಿಲ್ಲುವುದಿಲ್ಲ.

● ಹೊರಗಿನ ಉರಿಬಿಸಿಲಿನಲ್ಲಿ ಬೆಳಕಿನ ಪ್ರಮಾಣ ಸುಮಾರು 1 ಲಕ್ಷ ಲಕ್ಸ್. ಮನೆಯ ಒಳಕೋಣೆಯಲ್ಲಿ 100 ಲಕ್ಸ್ ಇದ್ದರೆ ಹೆಚ್ಚು. ಹೊಸ್ತಿಲು ದಾಟುವ ಒಂದೇ ಹೆಜ್ಜೆಯಲ್ಲಿ ಬೆಳಕು ಸಾವಿರ ಪಟ್ಟು ಇಳಿಯುತ್ತದೆ.

● ಕಣ್ಣಿನ ಪಾಪೆ ಬಿಸಿಲಿನಲ್ಲಿ 2 ಮಿಲಿಮೀಟರಿಗೆ ಕುಗ್ಗಿ, ಕತ್ತಲಲ್ಲಿ ಹೆಚ್ಚೆಂದರೆ 8 ಮಿಲಿಮೀಟರಿಗೆ ಹಿಗ್ಗುತ್ತದೆ. ಇದರಿಂದ ಒಳಬರುವ ಬೆಳಕು ಹೆಚ್ಚುವುದು 16 ಪಟ್ಟು ಮಾತ್ರ. ಉಳಿದದ್ದನ್ನು ಅಕ್ಷಿಪಟಲವೇ ನಿಭಾಯಿಸಬೇಕು. ಅದು ಕತ್ತಲಿಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ಕತ್ತಲಿನಿಂದ ಬೆಳಕಿಗೆ ಮಾತ್ರ ಬೇಗ ಒಗ್ಗುತ್ತದೆ. ಹೀಗಾಗಿ ಬೋಗದಾದಿಂದ ಹೊರಬರುವುದಕ್ಕಿಂತ ಒಳಹೋಗುವುದೇ ಕಣ್ಣಿಗೆ ಕಷ್ಟ.

● ಒಳಗೆ ದೀಪ ಉರಿಯುತ್ತಿದ್ದರೂ ಹಗಲಲ್ಲಿ ದೂರದಿಂದ ಬೋಗದಾದ ಬಾಯಿ ಕಪ್ಪಾಗಿಯೇ ಕಾಣಬಹುದು! ಕಣ್ಣು ಆಗ ಆಕಾಶದ, ಬಂಡೆಯ ಬೆಳಕಿಗೆ ಹೊಂದಿಕೊಂಡಿರುತ್ತದೆ. ಅದರ ಮುಂದೆ ಒಳಗಿನ ದೀಪ ಸೋಲುತ್ತದೆ. ಆ ಕಪ್ಪಿನೊಳಗೆ ಕೆಟ್ಟು ನಿಂತ ಲಾರಿಯೊಂದು ಇದ್ದರೂ ಹೊರಗಿರುವ ಚಾಲಕನಿಗೆ ಕಾಣಿಸದು.

● ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಈ ವೇಗದಲ್ಲಿ ಅಡ್ಡಿ ಕಂಡು, ಬ್ರೇಕ್ ಒತ್ತಿ, ಸುರಕ್ಷಿತವಾಗಿ ನಿಲ್ಲಲು 120 ಮೀಟರ್ ದೂರದವರೆಗೆ ರಸ್ತೆ ಕಾಣಬೇಕು ಎನ್ನುತ್ತದೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಲೆಕ್ಕ. ಕಣ್ಣಿಗೆ ಮೂರೇ ಸೆಕೆಂಡು ಕತ್ತಲೆ ಕಟ್ಟಿದರೂ 66 ಮೀಟರ್ ರಸ್ತೆ ಕಾಣದೆಯೇ ಮುಗಿದಿರುತ್ತದೆ.

● ಬೋಗದಾದ ಬಾಯಲ್ಲಿ ರಾತ್ರಿಗಿಂತ ಹಗಲಲ್ಲೇ ಹೆಚ್ಚು ದೀಪ ಬೇಕು! ಹೊರಗೆ ಬಿಸಿಲು ಏರಿದಂತೆ ಬಾಯಿಯ ದೀಪಗಳೂ ಪ್ರಖರವಾಗಬೇಕು. ಸುಸಜ್ಜಿತ ಬೋಗದಾಗಳಲ್ಲಿ ಹೊರಗಿನ ಬೆಳಕನ್ನು ಅಳೆದು ಇದನ್ನು ಹೊಂದಿಸುವ ಸಾಧನವಿರುತ್ತದೆ. ಒಳಗೆ ಸಾಗಿದಂತೆ ದೀಪದ ಪ್ರಖರತೆ ಹಂತಹಂತವಾಗಿ ಇಳಿಯುತ್ತದೆ, ಕಣ್ಣನ್ನು ಕೈಹಿಡಿದು ಇಳಿಸಿದ ಹಾಗೆ. ಬಾಯಿಯ ಈ ಮೊದಲ ಭಾಗಕ್ಕೆ ಎಂಜಿನಿಯರುಗಳು ಇಟ್ಟ ಹೆಸರಿನ ಅರ್ಥವೂ ‘ಹೊಸ್ತಿಲು’ ಎಂದೇ.

● ಒಳಗೆ ಬೆಳಕು ಹೆಚ್ಚಿಸುವುದಷ್ಟೇ ದಾರಿಯಲ್ಲ, ಹೊರಗಿನ ಬೆಳಕನ್ನು ತಗ್ಗಿಸುವುದೂ ಒಂದು ದಾರಿ. ಬಾಯಿಯ ಸುತ್ತ ಮರ ಬೆಳೆಸಿದರೆ, ಮುಖದ ಗೋಡೆಗೆ ಗಾಢ ಬಣ್ಣ ಬಳಿದರೆ ಕಣ್ಣು ಹೊರಗಿರುವಾಗಲೇ ಕತ್ತಲಿಗೆ ಸಿದ್ಧವಾಗತೊಡಗುತ್ತದೆ. ಒಳಗಿನ ಗೋಡೆ ಮಾತ್ರ ತಿಳಿಬಣ್ಣದ್ದೇ ಇರಬೇಕು. ಅದರ ಎದುರು ನಿಂತ ಗಾಡಿಯ ಆಕಾರ ಎದ್ದು ಕಾಣುತ್ತದೆ.

● ಮುಂದೆ ರಸ್ತೆ ಖಾಲಿ ಇದ್ದರೂ ಬೋಗದಾದ ಬಾಯಿ ಬರುತ್ತಲೇ ಹಲವು ಚಾಲಕರ ಕಾಲು ಎಕ್ಸಲರೇಟರ್ ಬಿಡುತ್ತದೆ. ಕೈ ಸ್ಟೇರಿಂಗನ್ನು ಗೋಡೆಯಿಂದ ಆಚೆಗೆ, ನಡುಗೆರೆಯ ಕಡೆಗೆ ಎಳೆಯುತ್ತದೆ. ಗೋಡೆಗೆ ತಾಗೀತೆಂಬ ಅಂಜಿಕೆ ಅದು, ಎಷ್ಟೋ ಸಲ ಚಾಲಕನ ಅರಿವಿಗೇ ಬಂದಿರುವುದಿಲ್ಲ. ಒಂದೇ ಬೋಗದಾದಲ್ಲಿ ಎರಡೂ ಕಡೆಯ ಗಾಡಿಗಳು ಓಡಾಡುವಲ್ಲಿ ಈ ಸರಿದಾಟ ತುಂಬ ಅಪಾಯಕಾರಿ. ಹಿಂದಿನ ಗಾಡಿ ತೀರ ಹತ್ತಿರವಿದ್ದರೆ ಮುಂದಿನವನ ಹಠಾತ್ ನಿಧಾನವೂ ಅಪಾಯವೇ.

● ಬಿಸಿಲಿಗೆ ತಾನೇ ಕಪ್ಪಾಗುವ ಕನ್ನಡಕ ಬೈಕ್ ಸವಾರರಿಗೆ ಬೋಗದಾದಲ್ಲಿ ಕೈಕೊಡುತ್ತದೆ. ಸೂರ್ಯನ ನೇರಳಾತೀತ ಕಿರಣಕ್ಕೆ ಅದು ಬೇಗ ಕಪ್ಪಾಗುತ್ತದೆ, ಮತ್ತೆ ತಿಳಿಯಾಗಲು ನಿಮಿಷಗಳೇ ಬೇಕು. ಅಷ್ಟರಲ್ಲಿ ಸಣ್ಣ ಬೋಗದಾವೇ ಮುಗಿದಿರುತ್ತದೆ.

● 20ರ ಹರೆಯದ ಕಣ್ಣಿನ ಒಳಪರದೆಗೆ ಮುಟ್ಟುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ 60ರ ಕಣ್ಣಿಗೆ ದಕ್ಕುತ್ತದೆ. ಪಾಪೆ ಚಿಕ್ಕದಾಗಿರುತ್ತದೆ, ಮಸೂರ ಹಳದಿಗಟ್ಟಿರುತ್ತದೆ. ಹಿರಿಯ ಚಾಲಕ ಬೋಗದಾದ ಮುಂದೆ ನಿಧಾನ ಮಾಡಿದರೆ ಹಿಂದಿನಿಂದ ಹಾರ್ನ್ ಬಾರಿಸಬೇಡಿ. ಅವರ ಕಣ್ಣಿಗೆ ಆ ನಿಧಾನ ಬೇಕೇ ಬೇಕು.

● ಮಬ್ಬುಗತ್ತಲಲ್ಲಿ ನೋಡಲು ನೆರವಾಗುವ ರೊಡಾಪ್ಸಿನ್ ಎಂಬ ವಸ್ತು ಎ ಜೀವಸತ್ವದಿಂದ ತಯಾರಾಗುತ್ತದೆ. ಆ ಸತ್ವ ತೀರ ಕಡಿಮೆಯಾದರೆ ಬರುವುದೇ ಇರುಳುಗುರುಡು. ಊಟದಲ್ಲಿ ನುಗ್ಗೆ ಸೊಪ್ಪು ಇದ್ದರೆ ಲಾರಿ ಓಡಿಸುವವರ ಕಣ್ಣಿಗೂ ಒಳ್ಳೆಯದು.

● ನಾರ್ವೆಯ ಲ್ಯಾರ್ಡಾಲ್ ಸುರಂಗ 24.5 ಕಿಲೋಮೀಟರ್ ಉದ್ದ. 2000ದಲ್ಲಿ ತೆರೆಯಿತು. ಅಷ್ಟು ಹೊತ್ತು ಒಂದೇ ನೋಟ ಕಂಡರೆ ಚಾಲಕನಿಗೆ ಜೋಂಪು ಹತ್ತುತ್ತದೆ ಎಂದು ನಡುವೆ ಮೂರು ಕಡೆ ನೀಲಿ ಬೆಳಕಿನ ವಿಶಾಲ ಗುಹೆಗಳನ್ನು ಕೊರೆದಿದ್ದಾರೆ.

● 1999ರ ಮಾರ್ಚ್ 24ರಂದು ಫ್ರಾನ್ಸ್ ಮತ್ತು ಇಟಲಿ ನಡುವಿನ ಮಾಂಟ್ ಬ್ಲಾಂಕ್ ಸುರಂಗದಲ್ಲಿ ಹಿಟ್ಟು, ಮಾರ್ಗರಿನ್ ಹೇರಿದ್ದ ಲಾರಿಗೆ ಬೆಂಕಿ ಬಿದ್ದು 39 ಜನ ಸತ್ತರು. ಅವರಲ್ಲಿ ಅನೇಕರು ತಮ್ಮ ಗಾಡಿಯೊಳಗೇ ಉಸಿರುಗಟ್ಟಿದರು. ಬೋಗದಾದಲ್ಲಿ ಹೊಗೆ ಕಂಡರೆ ಇಂಜಿನ್ ಆರಿಸಿ, ಕೀಲಿಯನ್ನು ಗಾಡಿಯಲ್ಲೇ ಬಿಟ್ಟು, ತುರ್ತು ಬಾಗಿಲಿನ ಕಡೆ ನಡೆದುಬಿಡಬೇಕು. ಸಾಮಾನಿನ ಆಸೆ ಬೇಡ.

● ಸೂರತ್–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಭಾಗವಾದ ರಾಷ್ಟ್ರೀಯ ಹೆದ್ದಾರಿ 150ಸಿಯ ಕಾಮಗಾರಿಗೆ 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲೇ ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ಸೂರತ್ ಮುಟ್ಟಬೇಕಾದರೆ ಸಹ್ಯಾದ್ರಿ ದಾಟಲೇಬೇಕು. ಸಪಾಟು ರಸ್ತೆಯಲ್ಲೇ ಕೈ ಕುದುರಿದ ನಮ್ಮ ಹುಡುಗರು ಘಟ್ಟದ ದಾರಿಯ ರೀತಿಯನ್ನೂ ಈಗಲೇ ಕಲಿತಿರುವುದು ಒಳ್ಳೆಯದು.

ಕಲಿಯಬೇಕಾದದ್ದು ಇಷ್ಟೇ. ಬೋಗದಾ ಕಂಡ ಕೂಡಲೇ, ಬಾಯಿಗಿಂತ ಬಹಳ ಮೊದಲೇ, ವೇಗ ಇಳಿಸಿ. ತಂಪುಕನ್ನಡಕ ತೆಗೆಯಿರಿ. ಹೆಡ್‌ಲೈಟ್ ಹಚ್ಚಿ, ಡಿಪ್ಪರಿನಲ್ಲಿಡಿ. ಮುಂದಿನ ಗಾಡಿಯಿಂದ ದೂರವಿರಿ. ಒಳಗೆ ಓವರ್‌ಟೇಕ್ ಬೇಡ. ಕ್ರೂಸರಿನ ಹಿಂದಿನ ಸೀಟಿನಲ್ಲಿ ಮಕ್ಕಳು ತೂಕಡಿಸುತ್ತಿರುತ್ತಾರೆ, ಗಂಟುಮೂಟೆಯ ಮೇಲೆ ತಲೆಯಿಟ್ಟು ತಾಯಂದಿರು ಮಲಗಿರುತ್ತಾರೆ. ಬಿಸಿಲಿನಿಂದ ಬಂದವರಿಗೆ ಅಜ್ಜಿ ಪಡಸಾಲೆಯಿಂದಲೇ ‘ತಡಿ, ಕಣ್ಣಿಗೆ ಕಾಣಲಿ’ ಅನ್ನುತ್ತಾಳಲ್ಲ, ಆ ಮಾತು ಸ್ಟೇರಿಂಗ್ ಹಿಡಿದ ಕೈಗೂ ನೆನಪಿರಲಿ.