ಶಾಲೆಯ ಸಂಗೀತ ಶಿಕ್ಷಕರಾಗಲು: ಮಗುವಿನ ಷಡ್ಜ ಎಲ್ಲಿದೆ?

ಶಾಲೆಯಲ್ಲಿ ಸಂಗೀತ ಕಲಿಸಬೇಕೆನ್ನುವವರು ಮೊದಲು ಕೇಳುವುದು, ‘ಯಾವ ಪರೀಕ್ಷೆಗೆ ಕಟ್ಟಬೇಕು?’ ಎಂದು. ಉತ್ತರ ಚಿಕ್ಕದು. ಕರ್ನಾಟಕದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಮೆಟ್ಟಿಲುಗಳಿವೆ. ಹಿಂದೂಸ್ತಾನಿ ಕಲಿಯುವ ಅನೇಕರು ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳನ್ನು ಮುಗಿಸುತ್ತ ವಿಶಾರದ, ಅಲಂಕಾರದವರೆಗೆ ಹೋಗುತ್ತಾರೆ. ಸಂಗೀತದಲ್ಲೇ ಪದವಿ ಪಡೆಯಲು ವಿಶ್ವವಿದ್ಯಾಲಯಗಳಿವೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವೇ ಇದೆ.

ಇಲ್ಲಿ ಹಲವರು ಎಡವುವುದು ಎರಡು ಕಡೆ. ಪ್ರಮಾಣಪತ್ರ ಕೈಗೆ ಬಂದರೆ ಕೆಲಸವೂ ಬಂದಂತೆ ಎಂದುಕೊಳ್ಳುವುದು ಮೊದಲನೆಯದು. ಅರ್ಹತೆ ಗೊತ್ತುಮಾಡುವುದು ನೇಮಕ ಮಾಡುವ ಸಂಸ್ಥೆ. ಕೇಂದ್ರೀಯ ವಿದ್ಯಾಲಯಗಳು ಪ್ರಾಥಮಿಕ ಹಂತದ ಸಂಗೀತ ಶಿಕ್ಷಕರಿಗೆ ಹನ್ನೆರಡನೆಯ ತರಗತಿಯಲ್ಲಿ ಶೇ. 50 ಅಂಕ ಮತ್ತು ಸಂಗೀತದ ಪದವಿ ಅಥವಾ ತತ್ಸಮಾನ ವಿದ್ಯಾರ್ಹತೆ ಕೇಳುತ್ತ ಬಂದಿವೆ. ನಿಮ್ಮ ವಿದ್ವತ್ ಅಥವಾ ವಿಶಾರದ ಅಲ್ಲಿ ತತ್ಸಮಾನವೇ ಎಂಬುದನ್ನು ಅರ್ಜಿ ಹಾಕುವ ಮೊದಲೇ ಅಧಿಸೂಚನೆಯಲ್ಲಿ ನೋಡಿಕೊಳ್ಳಿ. ಎಲ್ಲ ಶಾಲೆಗಳಲ್ಲೂ ಸಂಗೀತದ ಹುದ್ದೆ ಇರುತ್ತದೆಂಬ ನಂಬಿಕೆ ಎರಡನೆಯದು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೇ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕೆನ್ನುತ್ತದೆ. ಆದರೆ ಆ ಕಲೆ ಚಿತ್ರಕಲೆಯೂ ಆಗಬಹುದು.

ಕಾಗದಪತ್ರದ ಮಾತು ಇಷ್ಟು ಸಾಕು. ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಮುಂದಿದೆ. ಗಾಯನದ ಪರೀಕ್ಷೆಯಲ್ಲಿ ನೀವು ಹಾಡುವುದು ನಿಮ್ಮ ಶ್ರುತಿಯಲ್ಲಿ. ತರಗತಿಯಲ್ಲಿ ಹಾಡಬೇಕಾದವರು ಮಕ್ಕಳು, ಮತ್ತು ಅವರ ಶ್ರುತಿ ಬೇರೆ. ‘ಈ ಹುಡುಗನಿಗೆ ಸ್ವರಜ್ಞಾನವೇ ಇಲ್ಲ’ ಎಂಬ ತೀರ್ಪು ಎಷ್ಟೋ ಸಲ ಹುಟ್ಟುವುದು ಇದನ್ನು ಮರೆತಾಗ.

ಗಂಟಲಿನ ಧ್ವನಿತಂತುಗಳು ಗಿಡ್ಡವಾಗಿ ತೆಳ್ಳಗಿದ್ದಷ್ಟೂ ಬೇಗ ಕಂಪಿಸುತ್ತವೆ, ದನಿ ಏರುತ್ತದೆ. ಮಕ್ಕಳ ತಂತುಗಳು ಹಾಗಿವೆ. ಪ್ರಾಥಮಿಕ ಶಾಲೆಯ ಮಕ್ಕಳು ಸಲೀಸಾಗಿ ಹಾಡುವ ಹರವು ಹೆಚ್ಚುಕಡಿಮೆ ಹಾರ್ಮೋನಿಯಂನ ನಡುವಿನ ಸಪ್ತಕ: ಬಿಳಿ ಒಂದನೇ ಮನೆಯಿಂದ ಅದರ ಮೇಲಿನ ಬಿಳಿ ಒಂದರವರೆಗೆ, ಅಂದರೆ ಸೆಕೆಂಡಿಗೆ ಸುಮಾರು 262 ಕಂಪನಗಳಿಂದ 523ರವರೆಗೆ. ಒಂದು, ಎರಡನೇ ತರಗತಿಯವರಿಗೆ ಇದಕ್ಕಿಂತ ಕಿರಿದು.

ಮೇಷ್ಟ್ರ ಶ್ರುತಿ ಒಂದನೇ ಮನೆ ಎನ್ನಿ. ಗಂಡುದನಿಯಲ್ಲಿ ಅವರ ಷಡ್ಜ ಸುಮಾರು 131 ಕಂಪನ, ಮಗುವಿಗೆ ನಿಲುಕದ ಆಳ. ಕೆಲವು ಮಕ್ಕಳು ತಾವಾಗಿಯೇ ಒಂದು ಸ್ಥಾಯಿ ಮೇಲೆ, 262ರಲ್ಲಿ, ಷಡ್ಜ ಹಿಡಿಯುತ್ತಾರೆ. ಯಾರೂ ಹೇಳಿಕೊಡದೆ ಮಗುವಿನ ಕಿವಿ ಇಮ್ಮಡಿಯನ್ನು ಅದೇ ಸ್ವರವೆಂದು ಗುರುತಿಸುವುದು ಎಂಥ ಸೋಜಿಗ! ಉಳಿದವರು ಮೇಷ್ಟ್ರ ದನಿಯನ್ನೇ ಅನುಕರಿಸಲು ಹೋಗಿ, ಗಂಟಲು ಒತ್ತಿ ಗೊಗ್ಗರು ದನಿ ತೆಗೆಯುತ್ತಾರೆ. ಅವರಿಗೆ ಕಿವಿ ಇದೆ, ದಾರಿ ತಪ್ಪಿದೆ ಅಷ್ಟೆ. ಟೀಚರ್ ಹೆಂಗಸಾಗಿದ್ದು ಐದನೇ ಮನೆಯಲ್ಲಿ ಹಾಡಿದರೆ ಷಡ್ಜ 196ರ ಹತ್ತಿರ. ಆಗ ಸರಳೆ ವರಸೆಯ ಸ, ರಿ, ಗ ಮೂರೂ ಮಕ್ಕಳ ಹರವಿನ ಕೆಳಗೆ ಬಿದ್ದು, ಹಾಡು ಬರಿಯ ಮಾತಾಗುತ್ತದೆ.

ಪರಿಹಾರ ನಮ್ಮ ಪದ್ಧತಿಯಲ್ಲೇ ಇದೆ. ಐದನೇ ಮನೆಯವರು ಮಧ್ಯಮ ಶ್ರುತಿಗೆ ಹೊರಳಲಿ. ಅವರ ಶುದ್ಧ ಮಧ್ಯಮವೇ ಬಿಳಿ ಒಂದು. ಅದನ್ನು ಷಡ್ಜವಾಗಿಸಿಕೊಂಡರೆ ಷಡ್ಜದಿಂದ ತಾರಷಡ್ಜಕ್ಕೆ ಹತ್ತಿ ಇಳಿಯುವ ಮೊದಲ ಸರಳೆ ಪೂರ್ತಿ ಮಕ್ಕಳ ಹರವಿನೊಳಗೆ ಕೂರುತ್ತದೆ. ಗಂಡಸರು ಕಳ್ಳದನಿಯಲ್ಲಿ ಒಮ್ಮೆ ಮೇಲಿನ ಷಡ್ಜ ತೋರಿಸಲಿ, ಇಲ್ಲವೇ ಸ್ಥಾಯಿ ಹಿಡಿದ ಮಗುವಿನಿಂದಲೇ ಹಾಡಿಸಲಿ. ಆಗಲೂ ಸ್ವರ ಸೇರದ ಮಗುವಿಗೆ ದೂರದ ಹೊಲದಲ್ಲಿರುವವರನ್ನು ‘ಓ...’ ಎಂದು ಕೂಗಿ ಕರೆಯಲು ಹೇಳಿ. ದನಿ ತಾನಾಗಿ ಮೇಲೇಳುತ್ತದೆ. ಆ ಎತ್ತರಕ್ಕೆ ಮೊದಲು ನೀವು ಸೇರಿಕೊಳ್ಳಿ. ಸೇರಿದ ದನಿ ಹೇಗೆ ಕೇಳುತ್ತದೆಂದು ಮಗುವಿಗೆ ಗೊತ್ತಾಗಲಿ. ಆಮೇಲೆ ಒಂದೊಂದೇ ಸ್ವರ ಸರಿಯುತ್ತ ತರಗತಿಯ ಶ್ರುತಿಗೆ ಕರೆತನ್ನಿ.

ಪ್ರೌಢಶಾಲೆಗೆ ಹೋಗುವವರಿಗೆ ಇನ್ನೊಂದು ಪಾಠವಿದೆ. ಹನ್ನೆರಡರಿಂದ ಹದಿನೈದರ ನಡುವೆ ಹುಡುಗರ ಧ್ವನಿತಂತುಗಳು ಉದ್ದವಾಗಿ ದಪ್ಪಗಾಗುತ್ತವೆ, ದನಿ ಸುಮಾರು ಒಂದು ಸ್ಥಾಯಿ ಇಳಿಯುತ್ತದೆ. ನಡುವಿನ ತಿಂಗಳುಗಳಲ್ಲಿ ಅದು ಒಡೆಯುತ್ತದೆ, ಜಾರುತ್ತದೆ. ನಿನ್ನೆಯವರೆಗೆ ಚೆನ್ನಾಗಿ ಹಾಡುತ್ತಿದ್ದ ಹುಡುಗ ಬಾಯಿ ಮುಚ್ಚುವುದು ಆಗಲೇ. ಅವನಿಗೆ ನಾಲ್ಕೈದು ಸ್ವರಗಳ ಕಿರಿದಾದ ಹಾಡು ಕೊಡಿ, ತಾಳ ಹಾಕಿಸಿ, ಇದು ಬೆಳವಣಿಗೆ ಎಂದು ಎಲ್ಲರೆದುರು ಹೇಳಿ. ಹುಡುಗಿಯರ ದನಿಯೂ ಕೊಂಚ ಇಳಿಯುತ್ತದೆ. ಕೆಲಕಾಲ ಉಸಿರು ಬೆರೆತಂತೆ ಕೇಳಬಹುದು.

ಈ ವಿದ್ಯೆಗೆ ದಿನವೂ ಬೀಳುವ ಒರೆ ಬೆಳಗಿನ ಪ್ರಾರ್ಥನೆ. 2022ರಲ್ಲಿ ಸರ್ಕಾರ ನಾಡಗೀತೆಗೆ ಮೈಸೂರು ಅನಂತಸ್ವಾಮಿ ಅವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡಿನ ಅವಧಿಯನ್ನೂ ಗೊತ್ತುಮಾಡಿತು. ಶ್ರುತಿಯನ್ನು ಗೊತ್ತುಮಾಡಬೇಕಾದವರು ನೀವು. ಯಾರೋ ಒಬ್ಬರು ತೋಚಿದ ಎತ್ತರದಲ್ಲಿ ಆರಂಭಿಸುವ ಮೊದಲು ಹಾರ್ಮೋನಿಯಂನಲ್ಲಿ ಒಂದು ಸ್ವರ ಕೊಟ್ಟು ನೋಡಿ. ಇಡೀ ಅಂಗಳದ ದನಿ ಬೇರೆಯಾಗುತ್ತದೆ.

ಆದ್ದರಿಂದ ವಿದ್ವತ್ ಓದುತ್ತಿರುವವರಲ್ಲಿ ನನ್ನ ಒತ್ತಾಯ ಇದು. ಕೀರ್ತನೆಗಳ ಪಟ್ಟಿಯ ಪಕ್ಕದಲ್ಲೇ ಮಕ್ಕಳ ದನಿಯ ಅಧ್ಯಯನಕ್ಕೂ ಒಂದು ಪುಸ್ತಕವಿಡಿ. ಹತ್ತಿರದ ಶಾಲೆಗೆ ಹೋಗಿ, ಯಾವ ತರಗತಿಯ ಮಗು ಯಾವ ಮನೆಯಿಂದ ಯಾವ ಮನೆಯವರೆಗೆ ಆರಾಮವಾಗಿ ಹಾಡುತ್ತದೆಂದು ಬರೆದುಕೊಳ್ಳಿ. ಮರುವರ್ಷ ಅದೇ ಮಕ್ಕಳನ್ನು ಮತ್ತೆ ಕೇಳಿ. ಧ್ವನಿತಂತುಗಳ ರಚನೆ ಓದಿ, ಧ್ವನಿತಜ್ಞರನ್ನು ವಿಚಾರಿಸಿ. ಸಂಗೀತ ಕಾಲೇಜುಗಳೂ ತಮ್ಮ ವಿದ್ಯಾರ್ಥಿಗಳನ್ನು ಶಾಲೆಯ ತರಗತಿಗೆ ಕಳಿಸಿ ಪಾಠ ಮಾಡಿಸಲಿ. ಕನ್ನಡದ ಮಕ್ಕಳ ದನಿಯ ಬಗ್ಗೆ ಕನ್ನಡದಲ್ಲಿ ಬರೆಯಬೇಕಾದ್ದು ಬಹಳ ಇದೆ, ಬರೆಯಲು ತಕ್ಕವರು ದಿನವೂ ಆ ದನಿ ಕೇಳುವ ಶಿಕ್ಷಕರೇ.