ಅರ್ಬುದ ರೋಗವೂ ಸಂಖ್ಯಾಶಾಸ್ತ್ರವೂ

“ಕೈಗಾ ಸ್ಥಾವರ ಬಂದಮೇಲೆ ಕ್ಯಾನ್ಸರ್ ಹೆಚ್ಚಾಯಿತು” ಎಂಬ ಮಾತನ್ನು ನಮ್ಮ ಬೆಳಂಬಾರದ ಜಗಲಿಗಳಲ್ಲಿ ಬಾಲ್ಯದಿಂದ ಕೇಳಿದ್ದೇನೆ. ಅಲ್ಲಿ ವಾಣಿಜ್ಯ ಉತ್ಪಾದನೆ ಆರಂಭವಾದದ್ದು 2000ರಲ್ಲಿ. ಮಾತು ನಿಜವೇ ಎಂದರೆ, ಅವರ ಮನೆಯಲ್ಲಿ, ಇವರ ಮನೆಯಲ್ಲಿ ಎಂದು ಹಿರಿಯರು ಬೆರಳು ಮಡಚುತ್ತಾರೆ. ಬೆರಳೆಣಿಕೆ ಸಾಲದು.

ಒಂದು ಹಳ್ಳಿಯಲ್ಲಿ ಕಳೆದ ವರ್ಷ ಇಬ್ಬರು, ಈ ವರ್ಷ ನಾಲ್ವರು ರೋಗಿಗಳೆನ್ನಿ. ಇಮ್ಮಡಿಯಾಯಿತೆಂದು ಹೆದರಬಹುದು, ಆದರೆ ಇಷ್ಟು ಸಣ್ಣ ಸಂಖ್ಯೆಯಲ್ಲಿ ಅಂಥ ಏರಿಳಿತ ಆಕಸ್ಮಿಕವಾಗಿಯೂ ಆಗುತ್ತದೆ. ಮೇಲಾಗಿ ಇದು ಬಹುಮಟ್ಟಿಗೆ ಇಳಿವಯಸ್ಸಿನ ರೋಗ. ಹುಡುಗರೆಲ್ಲ ಗೋವೆಗೆ ದುಡಿಯಲು ಹೋಗಿ ವಯಸ್ಸಾದವರೇ ಉಳಿದ ಊರಿನಲ್ಲಿ ಪ್ರಮಾಣ ತಾನಾಗಿಯೇ ಹೆಚ್ಚು ಕಾಣುತ್ತದೆ. ಆದುದರಿಂದ ಲಕ್ಷ ಜನರಿಗೆ ಎಷ್ಟೆಂದು, ವಯಸ್ಸಿನ ವ್ಯತ್ಯಾಸ ಸರಿಪಡಿಸಿ, ಹೋಲಿಸಬೇಕು.

ಇದು ಒಬ್ಬ ವೈದ್ಯನಿಂದ ಆಗುವ ಕೆಲಸವಲ್ಲ. ಪಾರ್ಶ್ವವಾಯುವಿನ ಮದ್ದಿಗೆ ದೂರದ ಜನ ನಮ್ಮೂರಿಗೆ ಬರುತ್ತಾರೆ. ಈ ರೋಗಕ್ಕೆ ಮಾತ್ರ ನಾವೇ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವೆಗೋ ಹೋಗಬೇಕು. ಒಂದೇ ಊರಿನ ರೋಗಿಗಳು ಹಲವು ಆಸ್ಪತ್ರೆಗಳ ಕಡತಗಳಲ್ಲಿ ಚದುರುತ್ತಾರೆ. ಇಂಥದ್ದನ್ನು ಕೂಡಿಸಲೆಂದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1981ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಆರಂಭಿಸಿತು. ಬೆಂಗಳೂರು ನಗರದ ನೋಂದಣಿ 1982ರಿಂದ ಕಿದ್ವಾಯಿ ಸಂಸ್ಥೆಯಲ್ಲಿ ನಡೆಯುತ್ತಿದೆ. ದೇಶದ ನೋಂದಣಿಗಳ ಅಂಕಿಗಳನ್ನು ಪರಿಶೀಲಿಸಿ, ಎರಡು ಕಡೆ ಬಂದ ಹೆಸರು ತೆಗೆದು, ಸಂಶೋಧಕರೆಲ್ಲರಿಗೂ ಒದಗುವಂತೆ ಲೆಕ್ಕಮಾಡುವ ಮಂಡಳಿಯ ಕೇಂದ್ರವೂ ಬೆಂಗಳೂರಿನಲ್ಲೇ ಇದೆ.

ಆ ಲೆಕ್ಕದಲ್ಲಿ ಮೊದಲು ಬೇಕಾದದ್ದು ರೋಗಿಯ ಸ್ವಂತ ಊರು. ನಮ್ಮ ಅಜ್ಜಿಯನ್ನು ಸೇರಿಸುವಾಗ ಆಸ್ಪತ್ರೆಯಲ್ಲಿ ವಿಳಾಸ ಕೇಳಿದರು. ಕಾಗದ ಪತ್ರ ಬೇಗ ಮುಟ್ಟಲೆಂದು, ನಾವು ಉಳಿದುಕೊಂಡಿದ್ದ ಉಡುಪಿಯ ನೆಂಟರ ಮನೆಯದನ್ನು ಬರೆಸಿದೆ. ಬರೆಸಿದವನು ನಾನೇ.