ಬೆಂಗ್ರೆಯ ಚಳಿಗಾಲದ ಅತಿಥಿಗಳು

“ಮಂಗಳೂರಿಗೆ ಚಳಿಗಾಲವೂ ಉಂಟೇ?” ಎಂದು ಘಟ್ಟದ ಮೇಲಿನ ಸಹಪಾಠಿಗಳು ನಗುವುದುಂಟು. ನಮಗೆ ತಿಳಿಯದಿದ್ದರೂ ಹಕ್ಕಿಗಳಿಗೆ ಅದು ತಿಳಿದಿದೆ. ಮಳೆಗಾಲ ಮುಗಿದು ಆಕಾಶ ತಿಳಿಯಾಗುವ ಹೊತ್ತಿಗೆ, ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲನ್ನು ಕೂಡುವ ಅಳಿವೆಯ ಬದಿಯಲ್ಲಿ, ಬೆಂಗ್ರೆಯ ಮರಳಿನ ಮೇಲೆ ಗೊರವಗಳ ಹಿಂಡು ಇಳಿದಿರುತ್ತದೆ. ಅವುಗಳಲ್ಲಿ ಮೈನಾಕ್ಕಿಂತಲೂ ಚಿಕ್ಕದಾದ ಮರಳುಬಣ್ಣದ ಗೊರವವೊಂದು ಟಿಬೆಟಿನ ಎತ್ತರದ ಬಯಲಿನಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಬಂದದ್ದು.

ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳನ್ನೋದಿ ನನಗೂ ಈ ಹುಚ್ಚು ಹತ್ತಿತು. ರಜೆಯಲ್ಲಿ ಅಂಗಡಿಯ ಲೆಕ್ಕ ಬರೆದು ಕೂಡಿಟ್ಟ ಹಣದಿಂದ ಹಳೆಯ ಕ್ಯಾಮರಾವೊಂದನ್ನು ಕೊಂಡೆ. ಮೊದಲ ದಿನ ಹಿಂಡಿನ ಹಿಂದೆ ಮೂರು ಸಲ ಓಡಿದೆ. ಮೂರು ಸಲವೂ ಅದು ಹಾರಿಹೋಯಿತು. ಚಿತ್ರದಲ್ಲಿ ಬಂದದ್ದು ಬಾಲಗಳು ಮಾತ್ರ!

ಆಮೇಲೆ ಕಲಿತದ್ದಿಷ್ಟು. ನಮ್ಮ ಕಡಲತಡಿ ಪಶ್ಚಿಮಕ್ಕೆ ಮುಖಮಾಡಿದೆ. ಆದ್ದರಿಂದ ಬೆಳಗ್ಗೆ ಊರಿಗೆ ಬೆನ್ನುಹಾಕಿ ಕುಳಿತರೆ, ಸೂರ್ಯನ ಎಳೆಬಿಸಿಲು ನೇರವಾಗಿ ಹಕ್ಕಿಯ ಮೇಲೆ ಬೀಳುತ್ತದೆ. ಆ ವೇಳೆಯಲ್ಲಿ ಗಾಳಿ ಸಾಮಾನ್ಯವಾಗಿ ನೆಲದಿಂದ ಕಡಲಿನತ್ತ ಬೀಸುತ್ತದೆ. ವಿಶ್ರಮಿಸುವ ಹಕ್ಕಿ ಗಾಳಿಗೆ ಎದುರಾಗಿ ನಿಲ್ಲುವುದರಿಂದ ತಾನಾಗಿಯೇ ನಮ್ಮತ್ತ ತಿರುಗಿರುತ್ತದೆ. ಇಳಿತದಲ್ಲಿ ಹಕ್ಕಿಗಳು ದೂರ ಚದರಿ, ಹಸಿ ಮರಳಿನಿಂದ ಹುಳುಗಳನ್ನೂ ಸಣ್ಣ ಏಡಿಗಳನ್ನೂ ಹೆಕ್ಕುತ್ತಿರುತ್ತವೆ. ಭರತ ಏರಿದಂತೆ ಮೇವಿನ ನೆಲ ಕಿರಿದಾಗಿ, ಅವೇ ದಡದತ್ತ ಸರಿದು ಬರುತ್ತವೆ. ಭರತವು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆಂಬುದನ್ನು ನೆನಪಿಡಬೇಕು. ಇಂದಿನ ವೇಳೆ ನಾಳೆಗೆ ಸಲ್ಲದು. ಮರಳಿನ ಮೇಲೆ ಬೋರಲು ಮಲಗಿ, ಹಕ್ಕಿಯ ಕಣ್ಣಿನ ಮಟ್ಟಕ್ಕೆ ಕ್ಯಾಮರಾ ಹಿಡಿದು ಅಲುಗದೆ ಕಾಯುವುದಷ್ಟೇ ನಮ್ಮ ಕೆಲಸ. ನಡೆಯುವ ಹಕ್ಕಿಗೆ ಸೆಕೆಂಡಿನ 500ನೇ ಒಂದು ಭಾಗದ ವೇಗ ಸಾಕು. ಹಾರುವುದಕ್ಕೆ 1000ನೇ ಒಂದು ಭಾಗ ಬೇಕು. ಬೆಳ್ಳಕ್ಕಿಯ ಚಿತ್ರಕ್ಕೆ ಬೆಳಕನ್ನು ತುಸು ಕಡಿಮೆಮಾಡದಿದ್ದರೆ ಗರಿಗಳೆಲ್ಲ ಒಂದೇ ಬಿಳಿ ಮುದ್ದೆಯಾಗಿ ಕಾಣುತ್ತವೆ.

ಕಾಯುವುದು ಚಿತ್ರಕ್ಕಾಗಿ ಮಾತ್ರವಲ್ಲ. ಈ ಅತಿಥಿಗಳು ಇಲ್ಲಿ ಉಂಡು ಮೈಯಲ್ಲಿ ಕೂಡಿಸಿಕೊಂಡ ಕೊಬ್ಬೇ ಮರುಪಯಣದ ಬುತ್ತಿ. ನಾವು ಎಬ್ಬಿಸಿದಾಗಲೆಲ್ಲ ಆ ಬುತ್ತಿಯಲ್ಲಿ ಒಂದು ತುತ್ತು ಕಡಿಮೆಯಾಗುತ್ತದೆ. ಮೊದಲ ದಿನ ನಾನು ಮೂರು ತುತ್ತು ಕಸಿದಿದ್ದೆ.

ಬೀಡಿ ಕಟ್ಟಿ ನನ್ನನ್ನು ಓದಿಸುತ್ತಿರುವ ಅಮ್ಮನಿಗೆ, ಕಡೆಗೂ ಸ್ಪಷ್ಟವಾಗಿ ಬಂದ ಚಿತ್ರವೊಂದನ್ನು ತೋರಿಸಿ ಗೊರವದ ಪ್ರಯಾಣವನ್ನು ವಿವರಿಸಿದೆ. ಎಲೆ ಕತ್ತರಿಸುವುದನ್ನು ನಿಲ್ಲಿಸಿ ಬಹಳ ಹೊತ್ತು ನೋಡಿದರು. “ಇಷ್ಟು ದೂರದಿಂದ ಬಂದದ್ದು ಹೊಟ್ಟೆಪಾಡಿಗಲ್ಲವಾ ಮಗಾ? ಉಣ್ಣುವಾಗ ಎಬ್ಬಿಸಬೇಡ,” ಎಂದರು.

ಕ್ಯಾಮರಾ ಹಿಡಿಯುವ ಗೆಳೆಯರಿಗೆ ನಾನು ಹೇಳಬಹುದಾದ ಮೊದಲ ಪಾಠವೂ ಇದೇ.

— ಅಂತಿಮ ಬಿ.ಎ. ತರಗತಿ